ವಾಲ್‌ಮಾರ್ಟ್ ವಿಸ್ತರಣೆ ಮತ್ತು ಉದ್ಯೋಗ: ಎರಡು ಅಂದಾಜುಗಳ ನಡುವಿನ ಅಂತರ

1. ವಿಷಯ
ವಾಲ್‌ಮಾರ್ಟ್ ಕಾಲಿಟ್ಟ ಅಮೆರಿಕದ ಕೌಂಟಿಗಳಲ್ಲಿ ಚಿಲ್ಲರೆ ವ್ಯಾಪಾರದ ಉದ್ಯೋಗ ಹೆಚ್ಚಿತೆಂದು ಎಮೆಕ್ ಬ್ಯಾಸ್ಕರ್ (2005), ಕುಗ್ಗಿತೆಂದು ನ್ಯೂಮಾರ್ಕ್, ಝಾಂಗ್ ಮತ್ತು ಚಿಕರೆಲ್ಲಾ (2008) ಅಂದಾಜಿಸಿದ್ದಾರೆ. ಎರಡೂ ಅಧ್ಯಯನಗಳು ಆಧರಿಸಿದ ಉದ್ಯೋಗ ದತ್ತಾಂಶ ಬಹುಮಟ್ಟಿಗೆ ಒಂದೇ: ಅಲ್ಲಿನ ಜನಗಣತಿ ಬ್ಯೂರೋದ ‘ಕೌಂಟಿ ಬಿಸಿನೆಸ್ ಪ್ಯಾಟರ್ನ್ಸ್’.

2. ಅಂಕಿಗಳು
ಬ್ಯಾಸ್ಕರ್ ಪರಿಶೀಲಿಸಿದ್ದು 1,749 ಕೌಂಟಿಗಳನ್ನು. ಪ್ರವೇಶದ ವರ್ಷ ಸುಮಾರು 100 ಉದ್ಯೋಗಗಳ ಹೆಚ್ಚಳ. ಇತರ ಅಂಗಡಿಗಳು ಮುಚ್ಚಿ, ಕುಗ್ಗಿ, ಐದು ವರ್ಷಗಳಲ್ಲಿ ಉಳಿಯುವುದು 50. ಸಗಟು ವ್ಯಾಪಾರದಲ್ಲಿ ಸುಮಾರು 20 ಕಡಿತ. ಎರಡನ್ನೂ ಲೆಕ್ಕಕ್ಕೆ ಹಿಡಿದರೆ ನಿವ್ವಳ ಗಳಿಕೆ 30ರ ಆಸುಪಾಸು. ನ್ಯೂಮಾರ್ಕ್ ಮತ್ತಿತರರ ಪ್ರಕಾರ ಚಿಲ್ಲರೆ ಉದ್ಯೋಗದಲ್ಲಿ ಸರಾಸರಿ 2.7% ಇಳಿಕೆ: ವಾಲ್‌ಮಾರ್ಟಿನ ಒಬ್ಬ ನೌಕರ ಬಂದಲ್ಲಿ ಉಳಿದ ಚಿಲ್ಲರೆ ವಲಯದಲ್ಲಿ 1.4 ನೌಕರರ ಕಡಿತ.

3. ಅಂತರದ ಮೂಲ
ಕಂಪನಿ ಬೆಳೆಯುತ್ತಿರುವ ಊರನ್ನೇ ಆರಿಸಿಕೊಂಡಿದ್ದರೆ, ಊರಿನ ಬೆಳವಣಿಗೆ ಮಳಿಗೆಯ ಖಾತೆಗೆ ಸೇರಿಬಿಡುತ್ತದೆ. ಇದನ್ನು ತಪ್ಪಿಸಲು ಬ್ಯಾಸ್ಕರ್ ಬಳಸಿದ ಸಾಧನ ಚಲಕ (ಮಳಿಗೆಯ ಪ್ರವೇಶದೊಂದಿಗೆ ನಂಟಿದ್ದು, ಊರಿನ ಬೆಳವಣಿಗೆಯೊಂದಿಗೆ ನಂಟಿಲ್ಲದ ಅಂಶ) ಮಳಿಗೆಯ ಕ್ರಮಸಂಖ್ಯೆ. ಯೋಜನಾ ಹಂತದಲ್ಲೇ ನೀಡಲಾಗುವ ಈ ಸಂಖ್ಯೆಯಿಂದ ಉದ್ದೇಶಿತ ಆರಂಭದ ವರ್ಷವನ್ನು ಊಹಿಸಬಹುದು. ದಾಖಲಾದ ಪ್ರವೇಶ ದಿನಾಂಕಗಳ ದೋಷವೂ ಇದರಿಂದ ತಗ್ಗುತ್ತದೆ. ನ್ಯೂಮಾರ್ಕ್ ತಂಡ ಆಯ್ದದ್ದು ಕಂಪನಿಯ ಕೇಂದ್ರಸ್ಥಾನವಾದ ಬೆಂಟನ್‌ವಿಲ್‌ನಿಂದ ಇರುವ ದೂರ ಮತ್ತು ಕಾಲಗಳ ಸಂಯೋಗವನ್ನು. ಮೊದಲನೆಯದಕ್ಕೆ ಯೋಜನೆಯ ಸಮಯವೇ ಸ್ಥಳೀಯ ಬೆಳವಣಿಗೆಯ ನಿರೀಕ್ಷೆಯನ್ನು ಅವಲಂಬಿಸಿರಬಹುದೆಂಬ ಆಕ್ಷೇಪವಿದೆ. ಎರಡನೆಯದಕ್ಕೆ, ಪ್ರದೇಶಗಳ ನಡುವಿನ ಬೇರೆ ಆರ್ಥಿಕ ಬದಲಾವಣೆಗಳೂ ಅದೇ ದೂರದೊಂದಿಗೆ ಹೊಂದಿಕೊಂಡಿರಬಹುದೆಂಬ ಆಕ್ಷೇಪ. ಎರಡೂ ತಳ್ಳಿಹಾಕುವಂಥವಲ್ಲ.

4. ಎಣಿಕೆಯ ಮಿತಿ
‘ಕೌಂಟಿ ಬಿಸಿನೆಸ್ ಪ್ಯಾಟರ್ನ್ಸ್’ ದತ್ತಾಂಶದಲ್ಲಿ ಎಣಿಕೆಯಾಗುವುದು ಮಾರ್ಚ್ 12 ಒಳಗೊಂಡ ವೇತನಾವಧಿಯ ನೌಕರರು. ಏಪ್ರಿಲಿನಲ್ಲಿ ತೆರೆದ ಮಳಿಗೆಯ ಪರಿಣಾಮ ಮರುವರ್ಷದ ಅಂಕಿಯಲ್ಲಿ ಕಾಣುತ್ತದೆ. ಅರೆಕಾಲಿಕ ನೌಕರರಿಗೂ ಪೂರ್ಣಕಾಲಿಕರಿಗೂ ಭೇದವಿಲ್ಲ. ಸ್ವಂತ ಅಂಗಡಿಯಲ್ಲಿ ದುಡಿಯುವ ಮಾಲೀಕ ಲೆಕ್ಕಕ್ಕೇ ಬರುವುದಿಲ್ಲ. ಆತ ಬಾಗಿಲು ಹಾಕಿದರೂ ಆತನ ದುಡಿಮೆ ನಷ್ಟವೆಂದು ದಾಖಲಾಗದು. ಹೀಗಾಗಿ ಮನೆಮಂದಿಯ ದುಡಿಮೆಯಿಂದಲೇ ನಡೆಯುವ ನಮ್ಮ ಕಿರಾಣಿ ಅಂಗಡಿಗಳಿಗೆ ಈ ಅಂಕಿಗಳನ್ನು ಅನ್ವಯಿಸುವುದು ಸಮರ್ಥನೀಯವಲ್ಲ.

5. ಕಾಲಮಿತಿ
ಎರಡೂ ಅಧ್ಯಯನಗಳ ದತ್ತಾಂಶ 1977ರಿಂದ ಆರಂಭ. ದಿನಸಿಯನ್ನೂ ಒಳಗೊಂಡ ಮೊದಲ ಸೂಪರ್‌ಸೆಂಟರ್ ಮಿಸೌರಿಯ ವಾಷಿಂಗ್ಟನ್‌ನಲ್ಲಿ ತೆರೆದದ್ದು 1988ರಲ್ಲಿ. ಆದ್ದರಿಂದ ಇವು ಹೆಚ್ಚಾಗಿ ರಿಯಾಯಿತಿ ಮಳಿಗೆಗಳ ಪರಿಣಾಮದ ಅಂದಾಜುಗಳು. ಸೂಪರ್‌ಮಾರ್ಕೆಟ್ ವಿಸ್ತರಣೆಯ ಚರ್ಚೆಯಲ್ಲಿ ಇವನ್ನು ಉಲ್ಲೇಖಿಸುವವರು ಮಳಿಗೆಯ ಬಗೆ ಮತ್ತು ವರ್ಷವನ್ನೂ ನಮೂದಿಸಬೇಕು.