ಬೆಳುಗುಳದ ಕಲ್ಲಿನಲ್ಲಿ ಬುಕ್ಕರಾಯನ ತೀರ್ಪು

ಶಕವರ್ಷ 1290, ಕೀಲಕ ಸಂವತ್ಸರ, ಭಾದ್ರಪದ ಶುದ್ಧ ದಶಮಿ, ಗುರುವಾರ. ಇಂದಿನ ಲೆಕ್ಕದಲ್ಲಿ 1368ರ ಆಗಸ್ಟ್ ತಿಂಗಳು. ಶ್ರವಣಬೆಳಗೊಳದ ಭಂಡಾರಿ ಬಸದಿಯ ಬಳಿಯ ಶಾಸನ ಹೊತ್ತಿರುವ ತಿಥಿ ಇದು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹದ ಪಟ್ಟಣ ಮೊದಲಾದ ಸಮಸ್ತ ನಾಡುಗಳ ಭವ್ಯಜನರು, ಅಂದರೆ ಜೈನರು, ವಿಜಯನಗರದ ಅರಸು ವೀರ ಬುಕ್ಕರಾಯನಿಗೆ ಬಿನ್ನಹ ಮಾಡಿಕೊಂಡರೆಂದು ಅದು ಹೇಳುತ್ತದೆ. ಭಕ್ತರು ತಮಗೆ ಅನ್ಯಾಯ ಮಾಡುತ್ತಿದ್ದಾರೆ ಎಂಬುದೇ ಆ ಬಿನ್ನಹ. ಭಕ್ತರೆಂದರೆ ಶ್ರೀವೈಷ್ಣವರು.

ಬಿನ್ನಹ ಮಾಡಿದವರು ಒಂದು ಕಾಲಕ್ಕೆ ಬಿನ್ನಹಗಳನ್ನು ಕೇಳುತ್ತಿದ್ದ ಜನ. ಹತ್ತನೆಯ ಶತಮಾನದಲ್ಲಿ ಗಂಗರ ಮಂತ್ರಿ ಚಾವುಂಡರಾಯ ಇದೇ ಬೆಳಗೊಳದ ಬೆಟ್ಟದ ಮೇಲೆ ಗೊಮ್ಮಟನನ್ನು ನಿಲ್ಲಿಸಿದ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಜೈನ, ಪಟ್ಟದರಸಿ ಶಾಂತಲೆ ಜೈನಳು. ಒಂದನೆಯ ನರಸಿಂಹನ ಭಂಡಾರಿ ಹುಳ್ಳ 1159ರಲ್ಲಿ ಭಂಡಾರಿ ಬಸದಿಯನ್ನು ಕಟ್ಟಿಸಿದ. ಅಂದು ಆಸ್ಥಾನದಲ್ಲಿ ಖಡ್ಗವೂ ಕೋಶವೂ ಅವರ ಕೈಯಲ್ಲಿದ್ದವು. ಹದಿನಾಲ್ಕನೆಯ ಶತಮಾನದ ಹೊತ್ತಿಗೆ ಆ ಆಸರೆ ಬಹಳ ಮಟ್ಟಿಗೆ ಕಳಚಿತ್ತು. ಹಳೆಯ ಬಸದಿಗಳು ಉಳಿದಿದ್ದವು, ಹಳೆಯ ಮರ್ಯಾದೆಗಳಿಗೆ ಮಾತ್ರ ಕುತ್ತು ಬಂದಿತ್ತು.

ಅತ್ತ ಶ್ರೀವೈಷ್ಣವರದು ಏಳುತ್ತಿದ್ದ ಶಕ್ತಿ. ಆದರೆ ಅವರೂ ಆ ಶತಮಾನದಲ್ಲಿ ಪೆಟ್ಟು ತಿಂದವರೇ. ದೆಹಲಿ ಸುಲ್ತಾನರ ಸೇನೆ ದಕ್ಷಿಣಕ್ಕೆ ಇಳಿದಾಗ ಶ್ರೀರಂಗದ ಉತ್ಸವಮೂರ್ತಿಯನ್ನು ಊರು ಬಿಡಿಸಿ ಒಯ್ಯಬೇಕಾಯಿತು. ಅದು ತನ್ನ ಗುಡಿಗೆ ಮರಳಿದ್ದು 1371ರಲ್ಲಿ, ವಿಜಯನಗರದ ಅಧಿಕಾರಿ ಗೋಪಣ್ಣನ ಕೈಯಿಂದ. ಬುಕ್ಕರಾಯನ ತೀರ್ಪು ಹೊರಬಿದ್ದ ದಿನ ಶ್ರೀರಂಗದ ದೇವರು ಇನ್ನೂ ಪರಸ್ಥಳದಲ್ಲಿದ್ದ. ಆ ಶ್ರೀರಂಗದ ಹೆಸರೇ ಸಂಧಾನಕ್ಕೆ ಒಪ್ಪಿದವರ ಸಾಲಿನಲ್ಲಿ ಮೊದಲು ಬರುತ್ತದೆ. ತಮ್ಮ ದೇವರ ಸ್ಥಾನ ತಪ್ಪಿದ ಸಂಕಟ ಬಲ್ಲವರು ಇನ್ನೊಬ್ಬರ ದೇವರ ಕಾವಲಿಗೆ ಕೈ ಕೊಟ್ಟರು. ಈ ಎರಡನ್ನೂ ಶಾಸನ ಎಲ್ಲಿಯೂ ಜೋಡಿಸಿ ಹೇಳುವುದಿಲ್ಲ. ನನಗಂತೂ ಒಂದನ್ನು ಬಿಟ್ಟು ಇನ್ನೊಂದನ್ನು ನೆನೆಯಲಾಗದು.

ರಾಯನು ಕರೆಸಿದ ಸಭೆಯ ಪಟ್ಟಿ ದೊಡ್ಡದು. ಹದಿನೆಂಟು ನಾಡಿನ ಶ್ರೀವೈಷ್ಣವರು; ಕೋವಿಲ್ ಎಂದರೆ ಶ್ರೀರಂಗ, ತಿರುಮಲೆ, ಪೆರುಮಾಳ್ ಕೋವಿಲ್ ಎಂದರೆ ಕಂಚಿ, ತಿರುನಾರಾಯಣಪುರ ಎಂದರೆ ಮೇಲುಕೋಟೆ, ಈ ಕ್ಷೇತ್ರಗಳ ಆಚಾರ್ಯರು; ಸಮಯಿಗಳು, ಸಾತ್ವಿಕರು. ಇವರೆಲ್ಲರ ಜೊತೆಗೆ ತಿರುಕುಲದವರು, ಜಾಂಬವಕುಲದವರು. ಊರಾಚೆ ನಿಲ್ಲಿಸಿದ್ದ ಈ ಕುಲಗಳಿಗೆ ಮೇಲುಕೋಟೆಯಲ್ಲಿ ರಾಮಾನುಜರಿಂದ ಗೌರವ ಸಂದಿತೆಂಬುದು ಪರಂಪರೆಯ ಮಾತು. ರಾಜ್ಯದ ಒಂದು ದೊಡ್ಡ ಧಾರ್ಮಿಕ ಒಪ್ಪಂದದಲ್ಲಿ ಆಚಾರ್ಯರ ಸಾಲಿನಲ್ಲಿಯೇ ಅವರ ಹೆಸರೂ ಕಲ್ಲಿಗೆ ಏರಿತು. ಮಾತು ಕೊಡುವಾಗ ಎಲ್ಲರೂ ಕೊಡಬೇಕು, ನಾಳೆ ಯಾರೊಬ್ಬರೂ ತಾವು ಅದಕ್ಕೆ ಹೊರಗೆಂದು ಹೇಳಬಾರದು: ಈ ಎಚ್ಚರ ಆ ಪಟ್ಟಿಯಲ್ಲಿ ಎದ್ದು ಕಾಣುತ್ತದೆ.

ಅವರೆಲ್ಲರ ಮುಂದೆ ಬುಕ್ಕರಾಯ ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿ ಇಟ್ಟ. ವೈಷ್ಣವ ದರ್ಶನಕ್ಕೂ ಜೈನ ದರ್ಶನಕ್ಕೂ ಭೇದವಿಲ್ಲವೆಂದು ಸಾರಿದ. ಇದನ್ನು ಸಿದ್ಧಾಂತದ ಮಾತಾಗಿ ತೆಗೆದುಕೊಂಡರೆ ತಪ್ಪಾಗುತ್ತದೆ. ಒಬ್ಬರು ಜಗತ್ತಿಗೆ ಕರ್ತನುಂಟು ಎನ್ನುವವರು, ಇನ್ನೊಬ್ಬರು ಇಲ್ಲ ಎನ್ನುವವರು. ಒಬ್ಬರಿಗೆ ವೇದ ಪ್ರಮಾಣ, ಇನ್ನೊಬ್ಬರಿಗೆ ಅಲ್ಲ. ಈ ಅಂತರ ಅರಸನಿಗೆ ತಿಳಿಯದ್ದಲ್ಲ. ವೇದಭಾಷ್ಯಕಾರ ಸಾಯಣ ಆ ಮನೆತನದ ಮಂತ್ರಿಯೇ. ಯಾರ ತತ್ತ್ವ ದಿಟ ಎಂಬ ಪ್ರಶ್ನೆಗೆ ರಾಯ ಕೈ ಹಾಕಲಿಲ್ಲ. ನಾಡಿನ ಬೀದಿಯಲ್ಲಿ, ಗುಡಿಯ ಬಾಗಿಲಲ್ಲಿ, ಅರಮನೆಯ ಮುಂದೆ ಇಬ್ಬರ ಹಕ್ಕೂ ಒಂದೇ ಎಂದ. ಅರಸನಾದವನು ಹೇಳಬೇಕಾದದ್ದು ಅಷ್ಟೇ.

ಆ ಹಕ್ಕು ಯಾವುದೆಂದು ಶಾಸನ ಬಿಡಿಸಿ ಹೇಳುತ್ತದೆ. ಜೈನ ದರ್ಶನಕ್ಕೆ ಪೂರ್ವಮರ್ಯಾದೆಯಂತೆ ಪಂಚಮಹಾವಾದ್ಯವೂ ಕಳಶವೂ ಸಲ್ಲಬೇಕು. ಮೆರವಣಿಗೆಯ ಮುಂದೆ ಯಾರ ವಾದ್ಯ ಮೊಳಗಬೇಕು, ಯಾರಿಗೆ ಕಳಶದ ಗೌರವ ಸಲ್ಲಬೇಕು ಎಂಬುದು ಆ ಕಾಲದ ಬದುಕಿನಲ್ಲಿ ಸಣ್ಣ ಸಂಗತಿಯಲ್ಲ. ಒಂದು ಸಮುದಾಯ ಊರಿನ ನಡುಬೀದಿಯಲ್ಲಿ ತಲೆ ಎತ್ತಿ ನಡೆಯಬಹುದೋ ಇಲ್ಲವೋ ಎಂಬುದು ಅದರಿಂದಲೇ ತೀರ್ಮಾನವಾಗುತ್ತಿತ್ತು. ಭಕ್ತರ ದೆಸೆಯಿಂದ ಜೈನ ದರ್ಶನಕ್ಕೆ ಹಾನಿಯಾಗಲಿ ವೃದ್ಧಿಯಾಗಲಿ ಆದರೆ ವೈಷ್ಣವರು ಅದನ್ನು ತಮ್ಮ ದರ್ಶನಕ್ಕೇ ಆದ ಹಾನಿ, ತಮ್ಮ ದರ್ಶನಕ್ಕೇ ಆದ ವೃದ್ಧಿ ಎಂದು ಬಗೆಯಬೇಕು. ರಾಜ್ಯದ ಬಸದಿಗಳಲ್ಲೆಲ್ಲ ಈ ಶಾಸನವನ್ನು ನೆಡಿಸುವ ಹೊಣೆಯೂ ವೈಷ್ಣವರದೇ. ನೊಂದವರು ತಮ್ಮ ಹಕ್ಕಿನ ಓಲೆ ಹಿಡಿದು ಊರೂರು ಅಲೆಯಬೇಕಾಗಿಲ್ಲ. ಬಲವುಳ್ಳವರೇ ಬಂದು ತಾವು ಕೊಟ್ಟ ಮಾತನ್ನು ಅವರ ಅಂಗಳದಲ್ಲಿ ಕಲ್ಲಾಗಿ ನಿಲ್ಲಿಸಬೇಕು. ಈ ತೀರ್ಪಿನ ಸತ್ತ್ವವೆಲ್ಲ ಇಲ್ಲಿದೆ ಎಂದು ನನ್ನ ನಂಬಿಕೆ.

ಮಾತಿನ ಬೆನ್ನಿಗೆ ಹಣದ ಏರ್ಪಾಟೂ ಆಯಿತು. ರಾಜ್ಯದ ಜೈನರು ವರ್ಷಕ್ಕೆ ಮನೆಗೊಂದು ಹಣ ಕೊಡಬೇಕು. ತಿರುಮಲೆಯ ಶ್ರೀವೈಷ್ಣವ ಮುಖಂಡ ತಾತಯ್ಯ ಅದನ್ನು ಪಡೆದು ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನಿಡಬೇಕು. ಉಳಿದ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಮಾಡಿಸಬೇಕು. ತಪ್ಪಿದವನು ರಾಜದ್ರೋಹಿ, ಸಂಘದ್ರೋಹಿ, ಸಮುದಾಯದ್ರೋಹಿ. ಗೊಮ್ಮಟನ ಕ್ಷೇತ್ರಕ್ಕೆ ಶ್ರೀವೈಷ್ಣವ ಮುಖಂಡನೊಬ್ಬ ಕಾವಲು ನೇಮಿಸುವುದು, ಬಸದಿಗಳ ಗೋಡೆಗೆ ಅವನ ಮೇಲ್ವಿಚಾರಣೆಯಲ್ಲಿ ಸುಣ್ಣ ಬೀಳುವುದು ಆ ಕಾಲಕ್ಕೂ ದೊಡ್ಡ ಸಂಗತಿ. ಆದರೂ ಒಂದು ಮಾತನ್ನು ಮುಚ್ಚಿಡಲಾರೆ. ಅನ್ಯಾಯಕ್ಕೆ ಗುರಿಯಾದವರೇ ತಮ್ಮ ಕಾವಲಿನ ವೆಚ್ಚ ತೆರಬೇಕಾಯಿತು. ಅದಕ್ಕೆ ಜೈನರ ಒಪ್ಪಿಗೆಯಿತ್ತೆಂದು ಶಾಸನ ಹೇಳುತ್ತದೆ, ನಿಜ. ಆದರೆ ಆ ಹೊರೆ ಅನ್ಯಾಯ ಮಾಡಿದವರ ಮೇಲೆ, ಇಲ್ಲವೆ ಅರಮನೆಯ ಭಂಡಾರದ ಮೇಲೆ ಬಿದ್ದಿದ್ದರೆ ತೀರ್ಪು ಇನ್ನೂ ನೇರವಾಗುತ್ತಿತ್ತು.

ಶಾಸನದ ಕೊನೆಯ ಭಾಗದಲ್ಲಿ ಬುಸುವಿ ಸೆಟ್ಟಿ ಎಂಬವನ ಹೆಸರು ಬರುತ್ತದೆ. ಕಲ್ಲೇಹದ ಹರ್ವಿ ಸೆಟ್ಟಿಯ ಮಗ. ರಾಯನಿಗೆ ಬಿನ್ನಹ ಮಾಡಿ, ತಿರುಮಲೆಯ ತಾತಯ್ಯನನ್ನು ಕರೆಸಿ, ಶಾಸನವನ್ನು ಜೀರ್ಣೋದ್ಧಾರ ಮಾಡಿಸಿದವನು ಅವನೇ. ಎರಡೂ ಮತದವರು ಒಂದಾಗಿ ಅವನಿಗೆ ಸಂಘನಾಯಕ ಪಟ್ಟ ಕಟ್ಟಿದರು. ಅವನ ಕಲ್ಲೇಹ ಇಂದಿನ ಮಾಗಡಿ ತಾಲ್ಲೂಕಿನ ಕಲ್ಯ. ಅಲ್ಲಿಯೂ ಈ ತೀರ್ಪಿನ ಪ್ರತಿ ಕಲ್ಲಿನಲ್ಲಿದೆ.

ತೀರ್ಪು ಕೊಟ್ಟ ಅರಸನಿಗೂ ಸ್ವಂತದ ಮತವಿತ್ತು. ಆ ಮನೆತನದ ರಾಜಪತ್ರಗಳ ಕೊನೆಯಲ್ಲಿ ಅರಸನ ಹೆಸರಿನ ಬದಲು ‘ಶ್ರೀ ವಿರೂಪಾಕ್ಷ’ ಎಂಬ ಅಂಕಿತ ಕನ್ನಡ ಲಿಪಿಯಲ್ಲಿ ಬೀಳುತ್ತಿತ್ತು. ಶೃಂಗೇರಿಯ ಮಠಕ್ಕೆ ಬುಕ್ಕರಾಯನೂ ಅವನ ಸೋದರರೂ 1346ರಲ್ಲಿಯೇ ದತ್ತಿ ಬಿಟ್ಟಿದ್ದರು. ಇತ್ತ ಬೆಳಗೊಳದ ಈ ಶಾಸನ ತೊಡಗುವುದು ರಾಮಾನುಜರ ಸ್ತುತಿಯಿಂದ. ಶಿವಭಕ್ತನಾದ ಅರಸ, ವೈಷ್ಣವಾಚಾರ್ಯರ ಸ್ತುತಿ, ಜೈನ ಕ್ಷೇತ್ರ. ಆ ರಾಜ್ಯದಲ್ಲಿ ಧರ್ಮ ಅರಮನೆಯ ಹೊರಗೆ ನಿಂತಿರಲಿಲ್ಲ, ಗದ್ದುಗೆಯ ಪಕ್ಕದಲ್ಲಿಯೇ ಇತ್ತು. ಆದರೂ ನ್ಯಾಯಕ್ಕೆ ಕುಳಿತಾಗ ಅರಸ ತನ್ನ ಮತವನ್ನು ತಕ್ಕಡಿಗೆ ಹಾಕಲಿಲ್ಲ.

ಮುಂದಿನ ಕಾಲ ಈ ತೀರ್ಪಿಗೆ ತಕ್ಕಂತೆಯೇ ನಡೆಯಿತು. ಎರಡು ದಶಕ ಕಳೆಯುವ ಮೊದಲೇ ಇಮ್ಮಡಿ ಹರಿಹರನ ದಂಡನಾಯಕ, ಜೈನನಾದ ಇರುಗಪ್ಪ, ರಾಜಧಾನಿಯಲ್ಲಿಯೇ ಕುಂಥುನಾಥ ಬಸದಿಯನ್ನು ಕಟ್ಟಿಸಿದ. ಹಂಪಿಗೆ ಹೋದವರು ಅದನ್ನು ಗಾಣಗಿತ್ತಿ ಗುಡಿಯೆಂಬ ಹೆಸರಿನಲ್ಲಿ ನೋಡುತ್ತಾರೆ. 1426ರಲ್ಲಿ ಇಮ್ಮಡಿ ದೇವರಾಯ ಪಾನಸುಪಾರಿ ಬಜಾರಿನಲ್ಲಿ ಪಾರ್ಶ್ವನಾಥನಿಗೆ ಕಲ್ಲಿನ ಬಸದಿ ಕಟ್ಟಿಸಿದ.

ರಾಜ್ಯ ಕುಸಿದ ಮೇಲೆ ಅದೇ ಬಗೆಯ ವ್ಯಾಜ್ಯ 1638ರಲ್ಲಿ ಹಳೇಬೀಡಿನಲ್ಲಿ ತಲೆದೋರಿತು. ಹುಚ್ಚಪ್ಪದೇವ ಎಂಬವನು ಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಲಿಂಗಮುದ್ರೆ ಒತ್ತಿದ, ವಿಜಯಪ್ಪ ಎಂಬ ಜೈನ ಅದನ್ನು ಅಳಿಸಿದ. ಬೇಲೂರಿನ ವೆಂಕಟಾದ್ರಿ ನಾಯಕನ ಕಾಲ. ವೀರಶೈವ ಹಿರಿಯರ ಕೂಟವಾದ ಮಹಾಮಹತ್ತಿನವರು ಕೂಡಿ, ಜೈನರು ಮೊದಲು ವಿಭೂತಿ ವೀಳ್ಯ ಸಲ್ಲಿಸಿ ಆಮೇಲೆ ತಮ್ಮ ಪೂಜೆಯನ್ನು ಸಂಪ್ರದಾಯದಂತೆ ನಡೆಸಿಕೊಳ್ಳಲಿ ಎಂದು ತೀರ್ಮಾನಿಸಿದರು. ಜೈನ ಧರ್ಮಕ್ಕೆ ಅಡ್ಡಿ ಮಾಡಿದವನು ಶಿವದ್ರೋಹಿ ಎಂದೂ ಬರೆಸಿದರು. ಜಗಳ ತಣ್ಣಗಾಯಿತು. ಆದರೆ ಅಲ್ಲಿ ಒಬ್ಬರ ಪೂಜೆಗೆ ಮುನ್ನ ಇನ್ನೊಬ್ಬರ ಚಿಹ್ನೆಗೆ ತಲೆಬಾಗಬೇಕಿತ್ತು. ಬುಕ್ಕರಾಯ ಜೈನರ ಮೇಲೆ ಅಂಥ ಕಟ್ಟಳೆಯನ್ನು ಹೊರಿಸಿರಲಿಲ್ಲ. ಆದ್ದರಿಂದ ಎರಡರಲ್ಲಿ 1368ರ ತೀರ್ಪೇ ದೊಡ್ಡದು.

ಬೆಳಗೊಳಕ್ಕೆ ಹೋದವರಲ್ಲಿ ಹೆಚ್ಚಿನವರು ವಿಂಧ್ಯಗಿರಿಯನ್ನು ಹತ್ತಿ, ಗೊಮ್ಮಟನಿಗೆ ಕೈಮುಗಿದು, ಬಸ್ಸು ಹಿಡಿಯುತ್ತಾರೆ. ಭಂಡಾರಿ ಬಸದಿ ಬೆಟ್ಟದ ಕೆಳಗೆ ಊರಿನೊಳಗೇ ಇದೆ. ಮುಂದಿನ ಸಲ ಅಲ್ಲಿಗೂ ಹೋಗಿ, ಮಕ್ಕಳನ್ನು ಕರೆದುಕೊಂಡು ಹೋಗಿ, ಆ ಶಾಸನದ ಒಕ್ಕಣೆಯನ್ನು ಅವರಿಗೆ ಓದಿ ಹೇಳಿ.