ಗಿಟ್: ಸ್ಥಳೀಯ ಬ್ರಾಂಚ್ ಮತ್ತು ರಿಮೋಟ್ ಹೊಂದಾಣಿಕೆಯ ಇತಿಹಾಸ

ಒಂದೇ ತಂತ್ರಾಂಶದ ಮೇಲೆ ಹಲವರು ದುಡಿಯುವಾಗ ತಮ್ಮ ಕಂಪ್ಯೂಟರಿನಲ್ಲಿರುವ ಬ್ರಾಂಚನ್ನು ಎಲ್ಲರಿಗೂ ಸೇರಿದ ರಿಮೋಟ್ ರಿಪಾಸಿಟರಿಗೆ ಸರಿಹೊಂದಿಸಿಕೊಳ್ಳುವ ಕ್ರಮ. ಇತರರ ಬದಲಾವಣೆಗಳನ್ನು ತರಿಸಿಕೊಳ್ಳುವುದು (ಫೆಚ್) ಒಂದು ಕೆಲಸ, ಅವನ್ನು ತಮ್ಮ ಕೆಲಸದೊಂದಿಗೆ ಬೆರೆಸುವುದು (ಮರ್ಜ್) ಇನ್ನೊಂದು. ಇವೆರಡನ್ನೂ ಬೇರ್ಪಡಿಸಲು ದಶಕಗಳೇ ಹಿಡಿದವು.

1972ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ಆವೃತ್ತಿ ನಿಯಂತ್ರಣ ವ್ಯವಸ್ಥೆಯಾದ ಎಸ್‌ಸಿಸಿಎಸ್‌ನಲ್ಲಿ ತಿದ್ದುವ ಫೈಲಿಗೆ ಬೀಗ ಬೀಳುತ್ತಿದ್ದರಿಂದ ಬೆರೆಸುವ ಪ್ರಶ್ನೆಯೇ ಏಳಲಿಲ್ಲ. ಆಮ್‌ಸ್ಟರ್‌ಡ್ಯಾಮಿನಲ್ಲಿ ಡಿಕ್ ಗ್ರೂನ್ ಮತ್ತು ಅವರ ಇಬ್ಬರು ವಿದ್ಯಾರ್ಥಿಗಳು ಸಿ ಕಂಪೈಲರ್ ಒಂದನ್ನು ಬರೆಯುತ್ತಿದ್ದರು. ಮೂವರ ವೇಳಾಪಟ್ಟಿಯೂ ಹೊಂದುತ್ತಿರಲಿಲ್ಲ. ಆ ತೊಡಕಿನಿಂದ ಹೊರಬಂದದ್ದು ಸಿವಿಎಸ್ (1986). ಅದರ ‘ಅಪ್‌ಡೇಟ್’ ಆದೇಶ ತರುವುದನ್ನೂ ಬೆರೆಸುವುದನ್ನೂ ಒಟ್ಟಿಗೇ ಮಾಡುತ್ತಿತ್ತು: ಬಳಕೆದಾರರ ತಿದ್ದುಪಡಿ ಇನ್ನೂ ಕಮಿಟ್ ಆಗುವ ಮೊದಲೇ ಇತರರ ತಿದ್ದುಪಡಿ ಅದರೊಳಗೆ ಸೇರಿಬಿಡುತ್ತಿತ್ತು.

2005ರ ಏಪ್ರಿಲ್‌ನಲ್ಲಿ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸ್ ಕರ್ನೆಲ್‌ಗಾಗಿ ಗಿಟ್ ಬರೆಯತೊಡಗಿದಾಗ ಈ ಅನುಕ್ರಮ ತಿರುಗಿತು. ಪ್ರತಿಯೊಬ್ಬರ ಬಳಿಯೂ ಪೂರ್ಣ ಇತಿಹಾಸವಿದ್ದುದರಿಂದ ಮೊದಲು ಕಮಿಟ್ ಮಾಡಿ ಆಮೇಲೆ ಬೆರೆಸಬಹುದಾಯಿತು. ಆದರೂ ಆರಂಭದಲ್ಲಿ ಕ್ಲೋನ್ ಮಾಡಿದಾಗ ರಿಮೋಟ್‌ನ ಬ್ರಾಂಚುಗಳು ಸ್ವಂತ ಬ್ರಾಂಚುಗಳ ಸಾಲಿನಲ್ಲೇ ಬಂದು ಕೂರುತ್ತಿದ್ದವು. 2007ರ ಫೆಬ್ರವರಿಯಲ್ಲಿ ಬಂದ 1.5.0 ಆವೃತ್ತಿ ಅವಕ್ಕೆ ಪ್ರತ್ಯೇಕ ಜಾಗ ಕೊಟ್ಟಿತು. ಗಿಟ್ ಬಳಕೆಯ ಇತಿಹಾಸದಲ್ಲಿ ಇಷ್ಟು ಸದ್ದಿಲ್ಲದೆ ಇಷ್ಟೊಂದು ಉಪಕಾರ ಮಾಡಿದ ಬದಲಾವಣೆ ಅಪರೂಪ. ಆ ಜಾಗದಲ್ಲಿರುವ ‘ಒರಿಜಿನ್/ಮಾಸ್ಟರ್’ ಎಂಬುದು ಅಲ್ಲಿಂದ ಮುಂದೆ ರಿಮೋಟನ್ನು ಕೊನೆಯ ಸಲ ಸಂಪರ್ಕಿಸಿದಾಗ ಕಂಡ ಸ್ಥಿತಿಯ ದಾಖಲೆ. ಸರ್ವರಿನ ಈ ಕ್ಷಣದ ಸ್ಥಿತಿ ಅದಲ್ಲ. ‘ಸ್ಟೇಟಸ್’ ಆದೇಶವು ಬ್ರಾಂಚ್ ಅಪ್ ಟು ಡೇಟ್ ಆಗಿದೆ ಎನ್ನುವುದು ಈ ದಾಖಲೆಯನ್ನು ನೋಡಿಯೇ. ಫೆಚ್ ಮಾಡದೆ ಆ ಮಾತನ್ನು ನಂಬಿ ಎಡವಿದವರು ಬಹಳ.

‘ಪುಲ್’ ಎಂದರೆ ಫೆಚ್ ಮತ್ತು ಮರ್ಜ್ ಒಟ್ಟಾಗಿ. ಪುಲ್ ಮಾಡಿದಾಗಲೆಲ್ಲ ಮರ್ಜ್ ಕಮಿಟ್‌ಗಳು ಬೆಳೆದು ಇತಿಹಾಸ ಓದಲಾರದಂತಾದಾಗ, ಸ್ವಂತ ಕಮಿಟ್‌ಗಳನ್ನು ರಿಮೋಟ್‌ನ ತುದಿಗೆ ಮತ್ತೆ ಜೋಡಿಸುವ ರಿಬೇಸ್ ಆಯ್ಕೆ 2008ರಲ್ಲಿ ಪುಲ್‌ಗೂ ಬಂತು. ರಿಬೇಸ್ ಆದ ಬ್ರಾಂಚನ್ನು ಬಲವಂತವಾಗಿ ಪುಶ್ ಮಾಡಿದರೆ ಸಹೋದ್ಯೋಗಿಯ ಕೆಲಸ ರಿಮೋಟ್ ಬ್ರಾಂಚಿನಿಂದ ಕಳಚಿಹೋಗುವ ಅಪಾಯವಿತ್ತು. ಅದನ್ನು ತಡೆಯಲು, ರಿಮೋಟ್ ಬ್ರಾಂಚ್ ಬಳಕೆದಾರರು ಕೊನೆಗೆ ಕಂಡಂತೆಯೇ ಇದ್ದರೆ ಮಾತ್ರ ಮುಂದುವರಿಯುವ ‘ಫೋರ್ಸ್ ವಿತ್ ಲೀಸ್’ 2013ರಲ್ಲಿ ಸೇರಿತು. ಎರಡೂ ಕಡೆ ಹೊಸ ಕಮಿಟ್‌ಗಳಿದ್ದರೆ ಪುಲ್ ತಾನಾಗಿ ಮರ್ಜ್ ಮಾಡುವ ರೂಢಿ 2021ರ 2.33.1 ಆವೃತ್ತಿಯಲ್ಲಿ ನಿಂತಿತು. ಈಗ ಅದು ಅಲ್ಲಿಯೇ ತಡೆದು, ಮರ್ಜ್ ಬೇಕೋ ರಿಬೇಸ್ ಬೇಕೋ ಬಳಕೆದಾರರೇ ಆರಿಸಲಿ ಎನ್ನುತ್ತದೆ.