ಕುದುರೆಮುಖ ರಾಷ್ಟ್ರೀಯ ಉದ್ಯಾನ: ಚಾರಣಕ್ಕೆ ಅನುಮತಿ

ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖ ಪ್ರದೇಶವನ್ನು 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ತುಂಗಾ, ಭದ್ರಾ ನದಿಗಳು ಇಲ್ಲಿನ ಗಂಗಾಮೂಲದಲ್ಲಿ ಉಗಮಿಸುತ್ತವೆ. ಶೋಲಾ ಕಾಡು ಹಾಗೂ ಹುಲ್ಲುಗಾವಲುಗಳು ಮಳೆನೀರನ್ನು ಹಿಡಿದಿಟ್ಟು, ಬೇಸಿಗೆಯಲ್ಲಿಯೂ ತೊರೆಗಳು ಬತ್ತದಂತೆ ಕಾಯುತ್ತವೆ. ಹುಲ್ಲು ಕಾಲ್ತುಳಿತಕ್ಕೆ ಸಿಕ್ಕಿದಲ್ಲಿ ಇಳಿಜಾರಿನ ಮಣ್ಣು ಮೊದಲ ಮಳೆಗೇ ಕೊಚ್ಚಿಹೋಗುವುದು. ಇಲ್ಲಿನ ಕಬ್ಬಿಣದ ಅದಿರಿನ ಗಣಿಗಾರಿಕೆಯು ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಅಂತ್ಯಕ್ಕೆ ಸ್ಥಗಿತಗೊಂಡಿತು. ಗಣಿಯಿಂದ ಉಳಿದ ಬೆಟ್ಟ ಜನದಟ್ಟಣೆಯಿಂದ ಸವೆಯಬಾರದು.

2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಉಂಟಾದ ನೂಕುನುಗ್ಗಲಿನ ತರುವಾಯ ಚಾರಣಕ್ಕೆ ಆನ್‌ಲೈನ್ ಮುಂಗಡ ಕಾಯ್ದಿರಿಸುವಿಕೆಯನ್ನು ಕಡ್ಡಾಯಗೊಳಿಸಲಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಇದಕ್ಕಾಗಿ ‘ಅರಣ್ಯ ವಿಹಾರ’ ಜಾಲತಾಣವನ್ನು ಆರಂಭಿಸಲಾಯಿತು. ದಿನವೊಂದಕ್ಕೆ ಚಾರಣಿಗರ ಸಂಖ್ಯೆ ಮಿತವಾಗಿರುವುದರಿಂದ ಅರ್ಜಿದಾರರು, ವಿಶೇಷವಾಗಿ ವಾರಾಂತ್ಯಗಳಿಗೆ, ಮುಂಚಿತವಾಗಿ ಕಾಯ್ದಿರಿಸುವುದು ಸೂಕ್ತ. ಗುರುತಿನ ಚೀಟಿಯನ್ನು ತಪ್ಪದೆ ತರತಕ್ಕದ್ದು.

ಚಾರಣವು ಮುಳ್ಳೋಡಿಯಿಂದ ಆರಂಭವಾಗುವುದು. ಮಾರ್ಗದರ್ಶಕರ ಜೊತೆಯಲ್ಲಿಯೇ ತೆರಳಬೇಕು. ಉದ್ಯಾನದೊಳಗೆ ರಾತ್ರಿ ತಂಗುವುದನ್ನು, ಬೆಂಕಿ ಹಚ್ಚುವುದನ್ನು ನಿಷೇಧಿಸಲಾಗಿದೆ. ಕಾಳ್ಗಿಚ್ಚಿನ ಭೀತಿಯಿರುವ ಬೇಸಿಗೆಯ ದಿನಗಳಲ್ಲಿ ಚಾರಣವನ್ನು ತಡೆಹಿಡಿಯಲಾಗುವುದುಂಟು. ಪ್ರಯಾಣಕ್ಕೆ ಮುನ್ನ ವಿಚಾರಿಸಿಕೊಳ್ಳುವುದು. ಮಳೆಗಾಲದಲ್ಲಿ ಇಂಬಳಗಳ ಕಾಟವಿರುವುದರಿಂದ ಉದ್ದನೆಯ ಕಾಲುಚೀಲ ಧರಿಸುವುದು ಒಳಿತು.